ಶಿಲುಬೆಯಲ್ಲಿ ದೇವರ ಕೋಪ ಯಾರ ಮೇಲೆ?

ಒಂದೇ ಒಂದು ಸಾಲಿಗಾಗಿ ಅಮೆರಿಕದ ಒಂದು ದೊಡ್ಡ ಸಭೆ ಇಡೀ ಹಾಡನ್ನೇ ಕೈಬಿಟ್ಟಿತು. 2013ರ ಮಾತು. ಅಲ್ಲಿನ ಪ್ರೆಸ್ಬಿಟೀರಿಯನ್ ಸಭೆಯವರು ಹೊಸ ಹಾಡಿನ ಪುಸ್ತಕ ತರುತ್ತಿದ್ದರು. 'ಇನ್ ಕ್ರೈಸ್ಟ್ ಅಲೋನ್' ಅನ್ನುವ ಹಾಡು ಅಷ್ಟರಲ್ಲಾಗಲೇ ಲೋಕವೆಲ್ಲ ಸುತ್ತಿತ್ತು. 2001ರಲ್ಲಿ ಕೀತ್ ಗೆಟ್ಟಿ ಮತ್ತು ಸ್ಟುವರ್ಟ್ ಟೌನೆಂಡ್ ಬರೆದದ್ದು. ಯೇಸು ಶಿಲುಬೆಯ ಮೇಲೆ ಸತ್ತಾಗ ದೇವರ ಕೋಪ ತೀರಿತು ಅನ್ನುವ ಅರ್ಥದ ಸಾಲೊಂದು ಅದರಲ್ಲಿದೆ. ಸಮಿತಿಯವರ ಕೈಗೆ ಸಿಕ್ಕಿದ್ದು ಬೇರೊಂದು ಪುಸ್ತಕದ ಪಾಠ, ಅದರಲ್ಲಿ ಕೋಪ ಹೋಗಿ ದೇವರ ಪ್ರೀತಿ ಮೆರೆಯಿತು ಅಂತಾಗಿತ್ತು. ಅದನ್ನೇ ಒಪ್ಪಿಕೊಂಡಿದ್ದರು. ಆಮೇಲೆ ನೋಡಿದರೆ ಅದು ಯಾರೋ ತಿದ್ದಿದ ಸಾಲು. ಹಾಗೇ ಇಟ್ಟುಕೊಳ್ಳಲಾ ಅಂತ ಬರೆದವರನ್ನು ಕೇಳಿದರು. ಆಗಲ್ಲ ಅಂದರು. ಸಮಿತಿ ಮತಕ್ಕೆ ಹಾಕಿತು. ಬೇಕು ಅಂದವರು 6, ಬೇಡ ಅಂದವರು 9. ಹಾಡು ಹೋಯಿತು.

ಒಂದು ಸಾಲಿಗೆ ಇಷ್ಟು ರಾದ್ಧಾಂತವಾ ಅಂತ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ, ಯಾಕಂದ್ರೆ ಆ ಜಗಳ ನಮ್ಮ ಮನೆಯಲ್ಲೂ ಇದೆ. ನಾನು ಹುಟ್ಟಿದ್ದು ಕರಾವಳಿಯ ಬಾಸೆಲ್ ಮಿಶನ್ ಮೂಲದ ಕುಟುಂಬದಲ್ಲಿ, ಅಂದರೆ ಈಗಿನ ಸಿ.ಎಸ್.ಐ. ಅನ್ನುವ ಪ್ರೊಟೆಸ್ಟಂಟ್ ಸಭೆ. ಹೆಂಡತಿ ಮಂಗಳೂರಿನ ಕೆಥೊಲಿಕ್ ಮನೆಯವಳು. ನಮ್ಮ ಚರ್ಚಿನಲ್ಲಿ ಶಿಲುಬೆ ಬರಿದು, ಪಾಲಿಶ್ ಹಾಕಿದ ಎರಡು ಮರದ ತುಂಡು ಅಷ್ಟೆ. ಅವಳ ಇಗರ್ಜಿಯ ಶಿಲುಬೆಯ ಮೇಲೆ ಮೈ ಇದೆ. ಮೊಣಕಾಲು ತರಚಿದೆ, ಪಕ್ಕೆಯಿಂದ ರಕ್ತ ಇಳಿದಿದೆ, ಕತ್ತು ಒಂದು ಕಡೆಗೆ ವಾಲಿದೆ. ಶುಭ ಶುಕ್ರವಾರ ಅವರು ಸಾಲಾಗಿ ಹೋಗಿ ಆ ಪಾದಕ್ಕೆ ಮುತ್ತಿಡುತ್ತಾರೆ. ನಾವು ಅದೇ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬೆವರು ಒರೆಸಿಕೊಳ್ಳುತ್ತಾ ಕೂತು ಯೇಸುವಿನ ಏಳು ಮಾತುಗಳ ಮೇಲೆ ಏಳು ಪ್ರಸಂಗ ಕೇಳುತ್ತೇವೆ. ಮದುವೆಯಾದ ಹೊಸದರಲ್ಲಿ ಅವಳನ್ನು ಕೇಳಿದ್ದೆ, ಎದ್ದು ಬಂದವನನ್ನು ಇನ್ನೂ ಯಾಕೆ ಅಲ್ಲೇ ನೇತುಹಾಕಿದ್ದೀರಿ ಅಂತ. ಅವಳು ತಿರುಗಿಸಿ ಕೇಳಿದಳು, ನೀವ್ಯಾಕೆ ಅಷ್ಟು ಬೇಗ ಇಳಿಸಿ ಒರೆಸಿಟ್ಟಿರಿ?

ಕ್ರೈಸ್ತರಲ್ಲದ ಸ್ನೇಹಿತರು ಅಂದುಕೊಂಡಿರುತ್ತಾರೆ, ಶಿಲುಬೆಯ ವಿಷಯದಲ್ಲಾದರೂ ಇವರೆಲ್ಲ ಒಂದೇ ಅಂತ. 'ನಮಗಾಗಿ ಸತ್ತ' ಅನ್ನುವವರೆಗೆ ಒಂದೇ. ಅವನು ಸತ್ತರೆ ನಮಗೆ ಹೇಗೆ ಒಳ್ಳೆಯದಾಯಿತು ಅಂತ ಕೇಳಿ ನೋಡಿ, ಮುಗೀತು. 325ರ ನೈಸಿಯದಿಂದ 787ರ ನೈಸಿಯದವರೆಗೆ ಬಿಷಪರ ಏಳು ಮಹಾಸಭೆಗಳು ಸೇರಿದವು. ಯೇಸು ದೇವರಾ, ಮನುಷ್ಯನಾ, ಎರಡೂ ಆದರೆ ಹೇಗೆ, ಚಿತ್ರಗಳಿಗೆ ತಲೆಬಾಗಬಹುದಾ, ಎಲ್ಲಕ್ಕೂ ತೀರ್ಮಾನ ಕೊಟ್ಟರು, ಒಪ್ಪದವರನ್ನು ಹೊರಗೆ ಹಾಕಿದರು. ಶಿಲುಬೆ ಹೇಗೆ ರಕ್ಷಿಸುತ್ತದೆ ಅನ್ನುವುದಕ್ಕೆ ಒಂದು ಮಹಾಸಭೆಯೂ ಹೀಗೇ ಅಂತ ಗೆರೆ ಎಳೆಯಲಿಲ್ಲ. ವಿಶ್ವಾಸಪ್ರಮಾಣ ಅಂದರೆ ನಮ್ಮ ನಂಬಿಕೆ ಇದು ಅಂತ ಎಲ್ಲರೂ ಒಟ್ಟಿಗೆ ಹೇಳುವ ಮಾತು. 381ರಲ್ಲಿ ಅದರ ಶಿಲುಬೆಯ ಸಾಲಿಗೆ ಒಂದು ಹೆಸರು ಸೇರಿತು: ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪೊಂತ್ಯ ಪಿಲಾತ. ನಮಗಾಗಿ ಶಿಲುಬೆಗೆ ಹಾಕಲ್ಪಟ್ಟ, ಪಿಲಾತನ ಆಡಳಿತದಲ್ಲಿ. ಹೇಗೆ ಅಂತ ಹೇಳದ ಪ್ರಮಾಣ ಯಾವ ಅಧಿಕಾರಿ ಇದ್ದಾಗ ಅಂತ ಹೇಳುತ್ತದೆ. ಇದು ಬಹಳ ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತದೆ. ಮುಂದೆ ಹೇಳ್ತೀನಿ.

ಮೊದಲಿನವರಿಗೆ ಇದೊಂದು ಬಿಡುಗಡೆಯ ಕಥೆ. ಅನೇಕರನ್ನು ಬಿಡಿಸಿಕೊಳ್ಳಲು ತನ್ನ ಪ್ರಾಣವನ್ನು ಈಡಾಗಿ ಕೊಡಲು ಬಂದೆ ಅಂತ ಮಾರ್ಕನ ಸುವಾರ್ತೆಯಲ್ಲಿ ಯೇಸುವೇ ಹೇಳುತ್ತಾನೆ. ಸರಿ, ಈಡು ಯಾರಿಗೆ ಕೊಟ್ಟ? ಸೈತಾನನಿಗೆ ಅಂದರು ಕೆಲವರು. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ ಇದನ್ನು ಮೀನುಗಾರಿಕೆಯ ಕಥೆ ಮಾಡಿಬಿಟ್ಟ. ಯೇಸುವಿನ ಮನುಷ್ಯದೇಹ ಗಾಳದ ತುದಿಯ ಎರೆ, ಒಳಗೆ ಅಡಗಿದ್ದ ದೇವತ್ವ ಕೊಕ್ಕೆ. ಸೈತಾನ ಎರೆ ನುಂಗಿದ, ಕೊಕ್ಕೆ ಗಂಟಲಿಗೆ ಸಿಕ್ಕಿತು. ಮಲ್ಪೆ ಬಂದರಿನಲ್ಲಿ ಹೇಳಿದರೆ ಚಪ್ಪಾಳೆ ಗ್ಯಾರಂಟಿ. ಅವನ ಸ್ನೇಹಿತನೇ ಆದ ನಾಜಿಯಾನ್ಸದ ಗ್ರೆಗೊರಿ ಮಾತ್ರ ಸಿಟ್ಟಾದ. ಕಳ್ಳನಿಗೆ ದೇವರು ದುಡ್ಡು ಕಟ್ಟುವುದಾ, ಛೀ ಅಂದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು, ನಮ್ಮ ಬ್ರಹ್ಮಾವರದವರೂ ಆ ಬಳಗದವರೇ, ಇವತ್ತಿಗೂ ಜಾಸ್ತಿ ಒತ್ತು ಕೊಡುವುದು ಸಾವನ್ನು ತುಳಿದು ಎದ್ದ ಕ್ರಿಸ್ತನಿಗೆ. ಆದಾಮನಿಂದ ನಮಗೆ ಬಂದದ್ದು ಸಾವು, ಅವನ ಅಪರಾಧದ ಖಾತೆಯಲ್ಲ ಅನ್ನುತ್ತಾರೆ. ಮನುಷ್ಯ ಅವರಿಗೆ ಮುಖ್ಯವಾಗಿ ರೋಗಿ. ಪಶ್ಚಿಮದವರಿಗೆ ಮನುಷ್ಯ ಮುಖ್ಯವಾಗಿ ಅಪರಾಧಿ. ಅಲ್ಲಿಂದಲೇ ದಾರಿ ಕವಲೊಡೆಯಿತು.

ಪಶ್ಚಿಮದಲ್ಲಿ ಈ ವಿಷಯಕ್ಕೆ ಒಂದು ಲೆಕ್ಕ ಕೊಟ್ಟವನು ಕ್ಯಾಂಟರ್ಬರಿಯ ಆನ್ಸೆಲ್ಮ್. ರಾಜನ ಜೊತೆ ಜಗಳವಾಡಿ ಇಂಗ್ಲೆಂಡ್ ಬಿಟ್ಟು ಇಟಲಿಗೆ ಬಂದಿದ್ದಾಗ, 1098ರ ಹೊತ್ತಿಗೆ, 'ದೇವರು ಯಾಕೆ ಮನುಷ್ಯನಾದ' ಅನ್ನುವ ಪುಸ್ತಕ ಮುಗಿಸಿದ. ಬೋಸೊ ಅನ್ನುವ ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ. ಒಂದು ಕಡೆ ಬೋಸೊ ಅಂತಾನೆ, ಒಂದು ಪಶ್ಚಾತ್ತಾಪದಿಂದ ಪಾಪ ಅಳಿಸಿಹೋಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಗುರು ಹೇಳುತ್ತಾನೆ, ಪಾಪದ ತೂಕ ಎಷ್ಟು ಅಂತ ನೀನಿನ್ನೂ ನೋಡಿಲ್ಲ. ಆ ಕಡೆ ನೋಡಬೇಡ ಅಂತ ದೇವರು ಅಂದಿದ್ದಾನೆ ಅಂತಿಟ್ಟುಕೋ. ಒಂದೇ ಸಲ ಕಣ್ಣು ಹಾಯಿಸಿದರೆ ಇಡೀ ಸೃಷ್ಟಿ ಉಳಿಯುತ್ತದೆ ಅಂದರೂ ನೀನು ಹಾಯಿಸುವ ಹಾಗಿಲ್ಲ. ದೇವರ ಗೌರವ ಅಷ್ಟು ದೊಡ್ಡದು. ಅದಕ್ಕೆ ಆದ ಕುಂದನ್ನು ಮನುಷ್ಯ ತುಂಬಲೇಬೇಕು, ಆದರೆ ಮನುಷ್ಯನ ಕೈಲಾಗಲ್ಲ. ದೇವರ ಕೈಲಾಗುತ್ತೆ, ಆದರೆ ತುಂಬಬೇಕಾದವನು ದೇವರಲ್ಲ. ಹಾಗಾಗಿ ಇಬ್ಬರೂ ಆಗಿರುವವನೊಬ್ಬ ಬೇಕಾಯಿತು. ಜಮೀನ್ದಾರನ ಮಾನಕ್ಕೆ ಊರೇ ನಡುಗುತ್ತಿದ್ದ ಕಾಲದಲ್ಲಿ ಈ ಮಾತು ಎಷ್ಟು ಸಲೀಸಾಗಿ ಇಳಿದಿರಬೇಕು ಊಹಿಸಿ.

ಇಲ್ಲೊಂದು ವಿಷಯ ಹೇಳಲೇಬೇಕು. ಆನ್ಸೆಲ್ಮನ ಲೆಕ್ಕದಲ್ಲಿ ಎರಡು ದಾರಿ ಇದೆ: ಒಂದೋ ಕುಂದು ತುಂಬಬೇಕು, ಇಲ್ಲವೋ ಶಿಕ್ಷೆ. ಯೇಸು ಕುಂದು ತುಂಬಿದ, ಆದ್ದರಿಂದ ಶಿಕ್ಷೆ ಬೇಕಾಗಲಿಲ್ಲ. ನಮ್ಮ ಬದಲಿಗೆ ಶಿಕ್ಷೆ ಅನುಭವಿಸಿದ ಅನ್ನುವ ಮಾತಿಗೆ ಗಟ್ಟಿ ರೂಪ ಬಂದದ್ದು 16ನೇ ಶತಮಾನದಲ್ಲಿ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನನ ಕೈಯಲ್ಲಿ. ಕ್ಯಾಲ್ವಿನ್ ಓದಿದ್ದು ಕಾನೂನು. ಜಮೀನ್ದಾರನ ಅಂಗಳದಲ್ಲಿದ್ದ ವ್ಯಾಜ್ಯ ಅವನಲ್ಲಿ ಕೋರ್ಟಿಗೆ ಬಂತು. ನ್ಯಾಯಾಧೀಶ, ಅಪರಾಧಿ, ತೀರ್ಪು, ಶಿಕ್ಷೆ. ನಮಗೆ ಭಾನುವಾರದ ಶಾಲೆಯಲ್ಲಿ ಕಲಿಸಿದ್ದೂ ಇದೇ. ಟೀಚರ್ ಬೋರ್ಡಿನ ಮೇಲೆ ಎರಡು ಗುಡ್ಡ ಬಿಡಿಸುತ್ತಿದ್ದರು, ಒಂದರ ಮೇಲೆ ನಾವು, ಇನ್ನೊಂದರ ಮೇಲೆ ದೇವರು, ನಡುವೆ ಪಾಪದ ಕಂದಕ, ಅದರ ಮೇಲೆ ಅಡ್ಡ ಮಲಗಿಸಿದ ಶಿಲುಬೆ. ಹತ್ತು ವರ್ಷದ ನಮಗೆ ಕೊಲ್ಲುವಂಥ ಪಾಪ ಯಾವುದು ಅಂತ ಹೊಳೆಯುತ್ತಿರಲಿಲ್ಲ. ಅಮ್ಮನ ಪರ್ಸಿನಿಂದ ಎಂಟಾಣೆ ಕದ್ದದ್ದಕ್ಕೆ ಯೇಸು ಸತ್ತ ಅಂತ ರಾತ್ರಿ ಅತ್ತದ್ದುಂಟು.

ಇಂಥ ಲೆಕ್ಕವನ್ನು ವಿರೋಧಿಸಿದವರೂ ಹೆಚ್ಚುಕಡಿಮೆ ಆನ್ಸೆಲ್ಮನಷ್ಟೇ ಹಳಬರು. 12ನೇ ಶತಮಾನದ ಫ್ರಾನ್ಸಿನ ಪಂಡಿತ ಅಬೆಲಾರ್ಡ್, ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ವ್ಯಾಖ್ಯಾನ ಬರೆಯುತ್ತಾ ನೇರವಾಗಿ ಕೇಳಿದ: ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಷ್ಟು ಕ್ರೂರ? ತನ್ನ ಮಗನ ಸಾವು ದೇವರಿಗೆ ಹಿಡಿಸಿತು, ಅದರಿಂದ ಲೋಕದ ಜೊತೆ ರಾಜಿಯಾದ ಅಂದರೆ ಹೇಗೆ? ಅವನ ಪ್ರಕಾರ ಶಿಲುಬೆ ದೇವರ ಪ್ರೀತಿಯನ್ನು ತೋರಿಸಿ ನಮ್ಮ ಮನಸ್ಸನ್ನು ತಿರುಗಿಸುತ್ತದೆ. ಬದಲಾಗಬೇಕಾದ್ದು ನಮ್ಮ ಮನಸ್ಸು, ದೇವರದ್ದಲ್ಲ. ಕ್ಲೆರ್ವೋದ ಬೆರ್ನಾರ್ಡ್ ಅನ್ನುವ ಸನ್ಯಾಸಿಗೆ ರೇಗಿತು. ಪೋಪರಿಗೆ ಉದ್ದ ಪತ್ರ ಬರೆದ. ಯೇಸು ಬರೀ ಪ್ರೀತಿಯ ಪಾಠ ಹೇಳಲಿಕ್ಕೆ ಬಂದನಾ, ಬಿಡಿಸಲಿಕ್ಕೆ ಬರಲಿಲ್ಲವಾ ಅಂತ. ಅಬೆಲಾರ್ಡನಿಗೆ ದಂಡನೆಯಾಯಿತು. ಬೆರ್ನಾರ್ಡನ ಪ್ರಶ್ನೆಯೂ ಸುಳ್ಳಲ್ಲ ಅನ್ನುವುದು ಬೇರೆ ಮಾತು. ನೀರಿಗೆ ಬಿದ್ದವನಿಗೆ ದಡದಲ್ಲಿ ನಿಂತವನ ಪ್ರೀತಿ ಸಾಲದು.

ಆಮೇಲೆ ಸೊಚ್ಚಿನೊ ಬಂದ, ಇಟಲಿಯವನು. 1594ರಲ್ಲಿ ಅಚ್ಚಾದ ಅವನ ಪುಸ್ತಕದ ವಾದ ಇಷ್ಟೇ: ಸಾಲ ತೀರಿಸಿದ ಮೇಲೆ ಕ್ಷಮೆ ಎಲ್ಲಿ ಬಂತು? ಕ್ಷಮಿಸಿದ್ದರೆ ತೀರಿಸಬೇಕಾದ್ದು ಏನಿತ್ತು? ಎರಡರಲ್ಲಿ ಒಂದು ಹೇಳಿ. ಈ ಪ್ರಶ್ನೆಗೆ ಯುರೋಪಿನ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದರು. ನನಗೆ ಸಿಕ್ಕ ಅತ್ಯುತ್ತಮ ಉತ್ತರ ನಮ್ಮ ದೊಡ್ಡಪ್ಪನದ್ದು. ಅವರು ಹಳ್ಳಿಯ ಸಹಕಾರಿ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ನಿವೃತ್ತರಾದವರು, ಚರ್ಚಿನಲ್ಲಿ ಪ್ರಸಂಗವನ್ನೂ ಮಾಡುತ್ತಾರೆ.

"ನೋಡು, ಬೆಂಗಳೂರಲ್ಲಿ ಸಾಲ ಮನ್ನಾ ಅಂತ ಘೋಷಣೆ ಆಗುತ್ತೆ. ಪೇಪರಲ್ಲಿ ಬರುತ್ತೆ. ನಮ್ಮ ಲೆಜರಿನಲ್ಲಿ ಆ ದುಡ್ಡು ಹಾಗೇ ಮಾಯ ಆಗಲ್ಲ ಮಾರಾಯ. ಸರ್ಕಾರ ಕಟ್ಟೋವರೆಗೂ ಬಾಕಿ ಬಾಕಿನೇ. ರೈತನಿಗೆ ಮನ್ನಾ, ಸರಿ. ಆದರೆ ಯಾರೋ ಕಟ್ಟಿದ್ದಾರೆ. ಕಟ್ಟದೇ ಮನ್ನಾ ಅನ್ನೋದು ಇಲ್ಲ."

"ಇಲ್ಲಿ ಸೊಸೈಟಿ ಯಾರು ದೊಡ್ಡಪ್ಪ? ದೇವರು. ಸರ್ಕಾರ ಯಾರು? ದೇವರೇ. ಒಂದು ಜೇಬಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗಾಯ್ತು."

"ಹೂಂ, ಅದನ್ನೇ ನಾನು ಹೇಳ್ತಾ ಇರೋದು. ಎರಡೂ ಅವನದೇ ಜೇಬು. ನಷ್ಟ ಅವನೇ ಹೊತ್ತ. ನಿನ್ನ ಪುಸ್ತಕದವರು ಕೋಪಿಷ್ಠ ಅಪ್ಪ ಅಮಾಯಕ ಮಗನನ್ನು ಹೊಡೆದ ಅಂತ ಬರೀತಾರಲ್ಲ, ನಾವು ಯಾರೂ ಹಾಗೆ ಹೇಳಲ್ಲ."

ಇದು ಇಂಗ್ಲೆಂಡಿನ ಬೋಧಕ ಜಾನ್ ಸ್ಟಾಟ್ 1986ರ ತಮ್ಮ ಪುಸ್ತಕದಲ್ಲಿ ಹೇಳಿದ ಮಾತೇ, ದೊಡ್ಡಪ್ಪ ಅದನ್ನು ಓದಿಲ್ಲ. ದೇವರು ಮೂರನೆಯವನೊಬ್ಬನನ್ನು ಹಿಡಿದು ಶಿಕ್ಷಿಸಲಿಲ್ಲ, ತಾನೇ ಬಂದು ನಿಂತ. 2003ರಲ್ಲಿ ಇಂಗ್ಲೆಂಡಿನ ಸ್ಟೀವ್ ಚಾಕ್ ಅನ್ನುವ ಬೋಧಕರು ಈ ಬದಲಿ ಶಿಕ್ಷೆಯ ಬೋಧನೆಯನ್ನು ಮಗುವಿನ ಮೇಲಿನ ದೌರ್ಜನ್ಯಕ್ಕೆ ಹೋಲಿಸಿದಾಗ ಎದ್ದ ಗಲಾಟೆಯಲ್ಲಿ ಎದುರು ಪಕ್ಷದವರು ಮತ್ತೆ ಮತ್ತೆ ಹೇಳಿದ್ದೂ ಇದೇ. ವಾದವಾಗಿ ಇದು ಗಟ್ಟಿ. ಒಪ್ಪುತ್ತೇನೆ.

ಆದರೂ ನನಗೆ ಅದು ಪೂರ್ತಿ ಇಳಿಯಲ್ಲ. ಲೂಕ 15ರಲ್ಲಿ ಯೇಸುವೇ ಹೇಳಿದ ಕಥೆ ಇದೆ, ಆಸ್ತಿ ಹಾಳುಮಾಡಿ ಬಂದ ಮಗನದು. ಅಪ್ಪ ದೂರದಿಂದ ನೋಡಿ ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಪೂರ್ತಿ ಹೇಳಲೂ ಬಿಡಲ್ಲ. ಯಾರನ್ನಾದರೂ ಹೊಡೆದು ಮೊದಲು ಕೋಪ ತೀರಿಸಿಕೊಂಡನಾ? ಇಲ್ಲ. ಅಲ್ಲಿ ಒಂದು ಕರು ಸಾಯುತ್ತದೆ ನಿಜ, ಅದು ಊಟಕ್ಕೆ. ಲೆಕ್ಕ ಕೇಳುವವನು ದೊಡ್ಡ ಮಗ. ಇದನ್ನು ಹೇಳಿದರೆ ದೊಡ್ಡಪ್ಪ, "ನಷ್ಟ ಆದದ್ದು ಅಪ್ಪನಿಗೇ ಅಲ್ವಾ, ಅವನೇ ಹೊತ್ತ" ಅಂತಾರೆ. ಹೌದು, ಹೊತ್ತ. ಹೊರುವುದು ಒಂದು, ಹೊಡೆಯುವುದು ಇನ್ನೊಂದು.

ಇಷ್ಟು ಪುಸ್ತಕದ ಜಗಳ. ಇದು ಮನೆಗಳಿಗೆ ಇಳಿದಾಗ ಏನಾಗುತ್ತೆ ಅನ್ನುವುದು ನನಗೆ ಇದಕ್ಕಿಂತ ಮುಖ್ಯ.

2004ರ ಡಿಸೆಂಬರ್ 26, ಭಾನುವಾರ, ಕ್ರಿಸ್ಮಸ್ಸಿನ ಮಾರನೇ ದಿನ. ತಮಿಳುನಾಡಿನ ಕಡಲತೀರದಲ್ಲಿರುವ ಮರಿಯ ಮಾತೆಯ ಕ್ಷೇತ್ರ ವೇಳಾಂಕಣಿ, ಅಲ್ಲಿ ತುಂಬ ಯಾತ್ರಿಕರು. ನಮ್ಮ ಕಡೆಯಿಂದಲೂ ಎಷ್ಟು ಜನ ಹೋಗ್ತಾರೆ ಗೊತ್ತಲ್ಲ, ಹರಕೆ ಹೊತ್ತವರು, ಮಗುವಿಗೆ ತಲೆ ಬೋಳಿಸುವವರು, ಮೇಣದ ಕೈಕಾಲು ಅರ್ಪಿಸುವವರು. ಪೂಜೆ ಮುಗಿಸಿ ಸಮುದ್ರ ನೋಡಲು ದಡಕ್ಕೆ ಇಳಿದಿದ್ದರು. ಸುನಾಮಿ ಬಂತು. ನೂರಾರು ಜನ ಅಲ್ಲಿ ಸತ್ತರು. ನೀರು ಬಸಿಲಿಕದ ಒಳಗೆ ಬರಲಿಲ್ಲ. ಆ ವಾರ ನಾನು ಎರಡು ಮಾತು ಕೇಳಿದೆ. ಹೆಂಡತಿಯ ಕಡೆಯ ಹಿರಿಯರೊಬ್ಬರು, ಮಾತೆ ಪವಾಡ ಮಾಡಿದಳು, ಒಳಗಿದ್ದವರೆಲ್ಲ ಉಳಿದರು ಅಂದರು. ನಮ್ಮ ಕಡೆಯವರೊಬ್ಬರು ದನಿ ತಗ್ಗಿಸಿ, ವಿಗ್ರಹದ ಹತ್ತಿರ ಹೋದವರಿಗೆ ಇನ್ನೇನಾಗುತ್ತೆ ಅಂದರು. ಎರಡನೆಯದು ಅಸಹ್ಯ ಅಂತ ಯಾರಾದರೂ ಒಪ್ಪುತ್ತಾರೆ. ಮೊದಲನೆಯದನ್ನೂ ಸ್ವಲ್ಪ ಹಿಡಿದು ನೋಡಿ. ಒಳಗಿದ್ದವರನ್ನು ಉಳಿಸಿದ್ದು ದೇವರಾದರೆ, ಹೊರಗೆ ಮಗುವಿನ ಕಾಲಿಗೆ ಅಲೆ ತಾಗಿಸುತ್ತಾ ನಿಂತಿದ್ದ ತಾಯಿಗೆ ಏನು ಹೇಳ್ತೀರಿ?

ಹಳೆಯ ರೋಗ ಇದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳು ತುಂಬಿದ್ದಾಗ ಭೂಕಂಪವಾಗಿ ಚಾವಣಿಗಳು ಜನರ ಮೇಲೆ ಬಿದ್ದವು. ಮಲಗ್ರೀಡ ಅನ್ನುವ ಜೆಸ್ವಿಟ್ ಪಾದ್ರಿ, ಇದಕ್ಕೆ ಕಾರಣ ನಿಮ್ಮ ಪಾಪ, ಮನೆ ಕಟ್ಟುವುದು ಬಿಟ್ಟು ಪಶ್ಚಾತ್ತಾಪ ಪಡಿ ಅಂತ ಬರೆದು ಹಂಚಿದ. ಊರನ್ನು ಮತ್ತೆ ಕಟ್ಟುತ್ತಿದ್ದ ಮಂತ್ರಿ ಪೊಂಬಾಲನಿಗೆ ಅವನ ಮೇಲೆ ಕೆಂಡದಂಥ ಕೋಪ. 1761ರಲ್ಲಿ ಮಲಗ್ರೀಡನನ್ನು ಕೊಂದು ಸುಟ್ಟರು. ಅದೂ ದೊಡ್ಡ ಅನ್ಯಾಯವೇ. ಆದರೆ ಅವನು ಕೂಗಿದ್ದನ್ನು ಯೇಸುವೇ ಹದಿನೇಳು ಶತಮಾನ ಮೊದಲು ತಳ್ಳಿಹಾಕಿದ್ದ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಯೆರೂಸಲೇಮಿನ ಮಿಕ್ಕವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ? ಇಲ್ಲ ಅಂದ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಇವನು ಪಾಪ ಮಾಡಿದನಾ, ಇವನ ಅಪ್ಪ ಅಮ್ಮನಾ ಅಂತ ಕೇಳಿದಾಗಲೂ ಇಬ್ಬರೂ ಅಲ್ಲ ಅಂದ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಮ್ಮ ಪ್ರಾರ್ಥನಾಕೂಟಗಳಲ್ಲಿ ಕ್ಯಾನ್ಸರ್ ಬಂದವರ ಮನೆಗೆ ಹೋಗಿ 'ಏನಾದರೂ ಅರಿಕೆ ಮಾಡದ ಪಾಪ ಇದೆಯಾ ನೋಡಿ' ಅನ್ನುವವರಿದ್ದಾರೆ. ಆರೋಗ್ಯ, ದುಡ್ಡು, ಕಾರು ಎಲ್ಲ ನಂಬಿಕೆಯ ಕೂಲಿ ಅನ್ನುವ ಹೊಸ ಬೋಧನೆ ಬಂದ ಮೇಲಂತೂ ಕೇಳಲೇಬೇಡಿ. ಅಲ್ಲಿ ರೋಗಿ ನೋವಿನ ಜೊತೆ ಅಪನಂಬಿಕೆಯ ಆರೋಪವನ್ನೂ ಹೊರಬೇಕು.

ಇನ್ನೊಂದು ಕಡೆಯ ತಪ್ಪು ಇದಕ್ಕಿಂತ ಮೆತ್ತಗೆ ಬರುತ್ತದೆ. ನೋವು ಪವಿತ್ರ, ಹೊತ್ತುಕೋ ಅನ್ನುವುದು. ಕೆಥೊಲಿಕರಲ್ಲಿ ಇದಕ್ಕೊಂದು ಆಳವಾದ ಪರಂಪರೆ ಇದೆ, ನಾನು ಸುಮ್ನೆ ತಳ್ಳಿಹಾಕಲ್ಲ. 1984ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಬರೆದ ಪತ್ರದಲ್ಲಿ ಮನುಷ್ಯನ ನೋವು ಕ್ರಿಸ್ತನ ನೋವಿನ ಜೊತೆ ಸೇರಿ ಲೋಕಕ್ಕೆ ಒಳ್ಳೆಯದು ಮಾಡಬಲ್ಲದು ಅಂತಿದೆ. ಮೂರು ವರ್ಷ ಮೊದಲು ಹೊಟ್ಟೆಗೆ ಗುಂಡು ತಿಂದವರ ಮಾತು ಅದು. ನಮ್ಮ ಅತ್ತೆ ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಲ್ಲಿ ತೇರ್ಸ್, ಅಂದರೆ ಜಪಮಾಲೆ, ಹಿಡಿದು, "ಈ ನೋವು ಇಂಥವರಿಗಾಗಿ" ಅಂತ ದಿನಕ್ಕೊಬ್ಬರ ಹೆಸರು ಹೇಳುತ್ತಿದ್ದರು. ನೋವಿಗೆ ಒಂದು ಕೆಲಸ ಕೊಟ್ಟಿದ್ದರು. ಅದನ್ನು ತಪ್ಪು ಅನ್ನಲು ನಾನ್ಯಾರು?

ಆದರೆ ಅವರು ಅದನ್ನು ತಮಗೆ ತಾವೇ ಹೇಳಿಕೊಂಡದ್ದು. ಬೇರೆಯವರು ಹೇಳಿದರೆ? ನಮ್ಮ ಸಂಬಂಧದಲ್ಲೇ ಒಬ್ಬ ಅತ್ತಿಗೆ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಾಗ, ಹಿರಿಯರೆಲ್ಲ ಸೇರಿ ಪ್ರಾರ್ಥನೆ ಮಾಡಿ, ಪ್ರತಿಯೊಬ್ಬರಿಗೂ ಒಂದು ಶಿಲುಬೆ ಇರುತ್ತದಮ್ಮಾ, ಹೊತ್ತುಕೋ ಅಂತ ವಾಪಸ್ಸು ಕಳಿಸಿದರು. ಅವರ ಎಡಗಣ್ಣಿನ ಕೆಳಗೆ ಊದಿ ನೀಲಿಗಟ್ಟಿತ್ತು, ಸೆರಗಿನ ತುದಿ ಅಲ್ಲೇ ಒತ್ತಿ ಹಿಡಿದುಕೊಂಡಿದ್ದರು. ಕಾಫಿ ಕೊಡಲು ಹೋದವನು ನಾನು. ಗಂಡನನ್ನು ಕರೆಸಿ ನಿನಗೂ ಒಂದು ಶಿಲುಬೆ ಇದೆ, ಕೈ ಕಟ್ಟಿಕೊಂಡು ಬದುಕೋದೇ ನಿನ್ನ ಶಿಲುಬೆ ಅಂತ ಯಾರೂ ಹೇಳಲಿಲ್ಲ. ಅಮೆರಿಕದ ಡೆಲೋರಸ್ ವಿಲಿಯಮ್ಸ್ ಅನ್ನುವ ಕಪ್ಪು ಮಹಿಳೆ 1993ರಲ್ಲಿ ಇದನ್ನೇ ಕಟುವಾಗಿ ಬರೆದರು. ಬೇರೆಯವರ ಮಕ್ಕಳನ್ನು ಸಾಕುತ್ತಾ, ಬೇರೆಯವರ ಹೊಲ ಗೇಯುತ್ತಾ, ಸದಾ ಇನ್ನೊಬ್ಬರ ಬದಲಿಗೆ ಸವೆಯುವ ಕೆಲಸ ಕಪ್ಪು ಹೆಂಗಸರಿಗೆ ಬಂದಿತ್ತು. ಇನ್ನೊಬ್ಬರ ಬದಲಿಗೆ ಸಾಯುವುದೇ ದೇವರಿಗೆ ಇಷ್ಟ ಅಂದರೆ ಆ ಶೋಷಣೆಗೆ ಆರತಿ ಎತ್ತಿದ ಹಾಗಲ್ವಾ ಅಂತ. ಬೈಬಲ್ಲಿನಲ್ಲೂ ಈ ಗಾಯ ಇದೆ. ಪೇತ್ರನ ಮೊದಲ ಪತ್ರಿಕೆ ಕ್ರಿಸ್ತನ ಹಾಗೆ ಪೆಟ್ಟನ್ನು ಸಹಿಸಿಕೊಳ್ಳಿ ಅಂತ ಹೇಳುವುದು ಆಳುಗಳಿಗೆ, ಮುಂದಿನ ಅಧ್ಯಾಯದಲ್ಲಿ ಅದೇ ರೀತಿ ಅಂತ ಹೆಂಡಂದಿರ ಕಡೆ ತಿರುಗುತ್ತದೆ. ಹೊಡೆಯುವ ಒಡೆಯನಿಗೆ ಆ ಪತ್ರಿಕೆಯಲ್ಲಿ ಒಂದು ಮಾತೂ ಇಲ್ಲ.

ಇಲ್ಲಿಗೆ ಬಂದ ಮೇಲೆ ನನಗೆ ಒಂದು ಅಳತೆ ಸಿಕ್ಕಿತು. ಶಿಲುಬೆಯ ಯಾವ ವಿವರಣೆಯನ್ನೂ ಗಾಳಿಯಲ್ಲಿಟ್ಟು ಸರಿಯಾ ತಪ್ಪಾ ಅಂತ ನೋಡಲಾಗಲ್ಲ. ಯಾರು, ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಬೇಕು. ದೇವರಿಗೆ ನಿನ್ನ ಮೇಲೆ ಕೋಪ ಇತ್ತು ಅಂತ ಆ ಅತ್ತಿಗೆಗೆ ಹೇಳುವುದು ಕ್ರೌರ್ಯ. ಅವರ ಗಂಡನಿಗೆ ಹೇಳಿದ್ದರೆ ಅದು ಸುವಾರ್ತೆ.

ಯುರ್ಗನ್ ಮೋಲ್ಟ್‌ಮನ್ ಅನ್ನುವ ದೈವಶಾಸ್ತ್ರಜ್ಞರು ಜರ್ಮನಿಯ ಹ್ಯಾಂಬರ್ಗಿನವರು. 1943ರ ಜುಲೈಯಲ್ಲಿ ಆ ಊರಿನ ಮೇಲೆ ಬಾಂಬಿನ ಮಳೆಯಾದಾಗ ವಿಮಾನ ಹೊಡೆಯುವ ತುಪಾಕಿಯ ಬಳಿ ನಿಲ್ಲಿಸಿದ್ದ ಹುಡುಗ. ಪಕ್ಕದಲ್ಲಿದ್ದ ಗೆಳೆಯ ಛಿದ್ರವಾದ, ಇವರಿಗೆ ಏನೂ ಆಗಲಿಲ್ಲ. ದೇವರೇ ಎಲ್ಲಿದ್ದೀ ಅಂತ ಆ ರಾತ್ರಿ ಮೊದಲ ಸಲ ಕೂಗಿದೆ ಅಂತ ಬರೆದಿದ್ದಾರೆ. ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಯಾರೋ ಬೈಬಲ್ ಕೊಟ್ಟರು. ಅದರಲ್ಲಿ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?' ಅನ್ನುವ ಯೇಸುವಿನ ಕೂಗು ಓದಿ, ನನ್ನನ್ನು ಅರ್ಥಮಾಡಿಕೊಳ್ಳುವವನು ಇಲ್ಲೊಬ್ಬ ಇದ್ದಾನೆ ಅನ್ನಿಸಿತಂತೆ. 1972ರಲ್ಲಿ ಬಂದ ಅವರ 'ಶಿಲುಬೆಗೇರಿದ ದೇವರು' ಪುಸ್ತಕ ಹೇಳುವುದು, ದೇವರು ನೋವಿನಿಂದ ದೂರ ಕೂತ ನ್ಯಾಯಾಧೀಶ ಅಲ್ಲ, ಅವನೇ ಅಲ್ಲಿ ನರಳಿದ ಅಂತ. ಕಾರ್ಲ್ ರಾಹ್ನರ್ ಅನ್ನುವ ಕೆಥೊಲಿಕ್ ಪಂಡಿತರು ಒಪ್ಪಲಿಲ್ಲ. ನಾನು ಸಿಕ್ಕಿಕೊಂಡ ಕೆಸರಿನಲ್ಲೇ ದೇವರೂ ಸಿಕ್ಕಿಕೊಂಡಿದ್ದರೆ ನನಗೇನು ಪ್ರಯೋಜನ ಅಂದರು. ಜರ್ಮನಿಯವರೇ ಆದ ದೈವಶಾಸ್ತ್ರಜ್ಞೆ ಡೊರೊಥಿ ಸೋಲೆ ಇನ್ನೊಂದು ಕಡೆಯಿಂದ ಹಿಡಿದರು, ನಿಮ್ಮ ಕಥೆಯಲ್ಲೂ ಮಗನನ್ನು ಬಿಟ್ಟುಕೊಟ್ಟ ಅಪ್ಪ ಇದ್ದೇ ಇದ್ದಾನಲ್ಲ ಅಂತ. ರಾಹ್ನರ್ ಮಾತು ತರ್ಕಕ್ಕೆ ಸರಿ. ಆಸ್ಪತ್ರೆಯ ಐಸಿಯು ಹೊರಗೆ ಕೂತಾಗ ಮಾತ್ರ ನನಗೆ ಮೋಲ್ಟ್‌ಮನ್ ಹತ್ತಿರವಾಗುತ್ತಾರೆ.

ಆ ಪುಸ್ತಕದ ಒಂದು ಪ್ರತಿಗೆ ತನ್ನದೇ ಕಥೆ ಇದೆ. 1989ರ ನವೆಂಬರ್ 16ರ ನಸುಕಿನಲ್ಲಿ ಎಲ್ ಸಾಲ್ವಡಾರ್ ಸೇನೆಯ ಸೈನಿಕರು ರಾಜಧಾನಿಯ ಜೆಸ್ವಿಟ್ ವಿಶ್ವವಿದ್ಯಾಲಯಕ್ಕೆ ನುಗ್ಗಿ ಆರು ಪಾದ್ರಿಗಳನ್ನೂ, ಅವರ ಅಡುಗೆ ಮಾಡುತ್ತಿದ್ದ ಹೆಂಗಸನ್ನೂ, ಅವಳ ಹದಿಹರೆಯದ ಮಗಳನ್ನೂ ಕೊಂದರು. ಒಬ್ಬ ಪಾದ್ರಿಯ ಹೆಣವನ್ನು ಎಳೆದು, ಅಲ್ಲೇ ವಾಸವಿದ್ದ ಇನ್ನೊಬ್ಬ ಪಾದ್ರಿ ಜೊನ್ ಸೊಬ್ರಿನೊ ಅವರ ಕೋಣೆಗೆ ಹಾಕಿದರು. ಸೊಬ್ರಿನೊ ಆಗ ಥಾಯ್ಲೆಂಡಿನಲ್ಲಿದ್ದರು, ಅದಕ್ಕೇ ಉಳಿದರು. ಕಪಾಟಿನಿಂದ ಪುಸ್ತಕವೊಂದು ಕೆಳಗೆ ಬಿದ್ದು ಆ ರಕ್ತದಲ್ಲಿ ನೆನೆದಿತ್ತು. ಮೋಲ್ಟ್‌ಮನ್ ಅವರ 'ಶಿಲುಬೆಗೇರಿದ ದೇವರು', ಸ್ಪ್ಯಾನಿಷಿನಲ್ಲಿ. ಸತ್ತವರಲ್ಲಿ ಒಬ್ಬರು ವಿಶ್ವವಿದ್ಯಾಲಯದ ಮುಖ್ಯಸ್ಥ ಇಗ್ನಾಸಿಯೊ ಎಲ್ಲಕುರಿಯ. ಅವರು ಬಡವರನ್ನು ಶಿಲುಬೆಗೇರಿಸಲ್ಪಟ್ಟ ಜನ ಅಂತ ಕರೆಯುತ್ತಿದ್ದರು, ಅವರನ್ನು ಕೆಳಗಿಳಿಸುವುದೇ ನಮ್ಮ ಕೆಲಸ ಅನ್ನುತ್ತಿದ್ದರು. ಹೊತ್ತುಕೋ ಅನ್ನುವುದಕ್ಕೂ ಇಳಿಸು ಅನ್ನುವುದಕ್ಕೂ ಇರುವ ದೂರ ನೋಡಿ.

ನಮ್ಮಲ್ಲೂ ಈ ಮಾತು ಎದ್ದಿದೆ, ಅದೂ ಬೆಂಗಳೂರಿನಲ್ಲೇ. 1981ರಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಶುರುವಾಯಿತು ಅನ್ನುತ್ತಾರೆ. ಯೇಸು ದಲಿತ, ಶಿಲುಬೆಯ ಮೇಲೆ ಕೈಬಿಟ್ಟೆಯಾ ಅಂತ ಕೂಗಿದಾಗ ಅವನು ಪಟ್ಟದ್ದು ದಲಿತರು ದಿನವೂ ಪಡುವ ಪಾಡು ಅನ್ನುವುದು ಅವರ ಮಾತು. ಅಲ್ಲಿಯವರೆಗೆ ನಮ್ಮ ಕಾಲೇಜುಗಳಲ್ಲಿ ಪಾಪ ಅಂದರೆ ಪ್ರತಿಯೊಬ್ಬನ ಎದೆಯೊಳಗಿನ ಕೊಳೆ. ನಿರ್ಮಲ್ ಬಳಗದವರು ಕೇಳಿದ್ದು, ಕೆರೆ ಮುಟ್ಟಗೊಡದವನ ಪಾಪವನ್ನೂ ಬಾಯಾರಿ ನಿಂತವನ ಪಾಪವನ್ನೂ ಒಂದೇ ಬೋರ್ಡಿನ ಮೇಲೆ ಒಂದೇ ಕಂದಕವಾಗಿ ಬಿಡಿಸ್ತೀರಲ್ಲ, ನಾಚಿಕೆಯಾಗಲ್ವಾ ಅನ್ನುವಂಥದ್ದು. ದಕ್ಷಿಣ ಭಾರತದ ಕೆಲವು ಕಡೆ ಕ್ರೈಸ್ತರ ಸ್ಮಶಾನದಲ್ಲೂ ಜಾತಿಯ ಗೋಡೆ ಇದೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಕೋಪದ ದೇವರು ಬೇಡ ಅನ್ನುವ ಕಡೆಗೆ ನಾನು ಹೋಗುತ್ತಿದ್ದೇನೆ ಅಂದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕಂಬಾಲಪಲ್ಲಿ ನೆನಪಿದೆಯಾ ಅಂದರು. 2000ದ ಮಾರ್ಚ್ 11. ಕೋಲಾರ ಕಡೆಯ ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳೆಲ್ಲ ಖುಲಾಸೆಯಾದರು.

"ದೇವರಿಗೆ ಅದಕ್ಕೂ ಕೋಪ ಬರಬಾರದಾ? ಬರೀ ಪ್ರೀತಿ ಮೆರೆದರೆ ಸಾಕಾ? ಹಾಗಂತ ಆ ಮನೆಯವರ ಮುಂದೆ ಹೋಗಿ ಹೇಳ್ತೀಯಾ?"

ಇಲ್ಲ ಅಂದೆ. ಕೋಪ ಬರಲೇಬೇಕು. ಸಭ್ಯರ ಹಾಡಿನ ಪುಸ್ತಕದಿಂದ ಕೋಪವನ್ನು ಅಳಿಸುವವರಿಗೆ ಇದು ಕಾಣಲ್ಲ, ಕೋರ್ಟಿನಲ್ಲಿ ಸೋತವನಿಗೆ ದೇವರ ಕೋಪ ಒಂದೇ ಉಳಿದಿರುತ್ತದೆ. ನನ್ನ ತಕರಾರು ಅಲ್ಲಿಲ್ಲ. ಯೇಸು ಸತ್ತ ಆ ಮಧ್ಯಾಹ್ನ ಕೋಪ ಯಾರ ಮೇಲಿತ್ತು ಅನ್ನುವುದು. ಕೊಲ್ಲಲ್ಪಟ್ಟವನ ಮೇಲಾ, ಕೊಂದವರ ಮೇಲಾ? ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನ ಮೊದಲ ಪ್ರಸಂಗ ಓದಿ ದೊಡ್ಡಪ್ಪ, ನೀವು ಕೊಂದಿರಿ, ದೇವರು ಎಬ್ಬಿಸಿದ ಅಂತಿದೆ. ಕೊಂದದ್ದು ಒಬ್ಬರು, ಎಬ್ಬಿಸಿದ್ದು ಇನ್ನೊಬ್ಬರು. ಪ್ರಮಾಣದಲ್ಲಿ ಪಿಲಾತನ ಹೆಸರು ಯಾಕಿದೆ ಮತ್ತೆ?

"ಅರ್ಧ ಓದಬೇಡ. ಅದೇ ವಚನದಲ್ಲಿ ದೇವರ ಸಂಕಲ್ಪದಿಂದ ಒಪ್ಪಿಸಲ್ಪಟ್ಟ ಅಂತಲೂ ಇದೆ." ಕನ್ನಡಕ ಏರಿಸಿ ಯೆಶಾಯ 53 ತೆಗೆದರು. ಹತ್ತನೇ ವಚನದ ಮೇಲೆ ಬೆರಳಿಟ್ಟರು. ಅವನನ್ನು ಜಜ್ಜುವುದು ಯೆಹೋವನಿಗೇ ಇಷ್ಟವಾಯಿತು ಅಂತಿದೆ ಅಲ್ಲಿ. ನಾನು ಅದೇ ಪುಟದ ನಾಲ್ಕನೇ ವಚನ ತೋರಿಸಿದೆ. ಅವನು ದೇವರಿಂದ ಪೆಟ್ಟು ತಿಂದವನು ಅಂತ ನಾವು ಅಂದುಕೊಂಡೆವು, ಅಂತಿದೆ. ಅಂದುಕೊಂಡವರು ನಾವು. ಅವರು ಮತ್ತೆ ಹತ್ತು ಅಂದರು. ನಾನು ನಾಲ್ಕು ಅಂದೆ. ಒಳಗಿನಿಂದ ಹೆಂಡತಿ, ಮೀನು ಸಾರು ತಣ್ಣಗಾಗ್ತಿದೆ, ಐದನೆಯದನ್ನೂ ಓದಿ ಇಬ್ಬರೂ ಅಂತ ಕೂಗಿದಳು. ನಮ್ಮ ದ್ರೋಹಗಳಿಗಾಗಿ ಅವನಿಗೆ ಗಾಯವಾಯಿತು ಅನ್ನುವ ವಚನ ಅದು. ಅದನ್ನು ಇಬ್ಬರೂ ತಮ್ಮ ತಮ್ಮ ಕಡೆಗೇ ಎಳೆದುಕೊಂಡೆವು.